ಬೂಷ್ಟು ಹಿಡಿದ ಮುಸುಕಿನ ಜೋಳ: ಹೊಟ್ಟೆ ತುಂಬೀತು, ಮೈಗೆ ಹತ್ತದು

ಉಂಡದ್ದು ಮೈಗೆ ಹತ್ತಬೇಕು ಎನ್ನುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಆಡುವ ಮಾತು. ಮೂರು ಹೊತ್ತು ಉಣಿಸಿದರೂ ಮಗುವಿನ ತೂಕ ಏರದಿದ್ದಾಗ, ಬಸುರಿಯ ಮೈಯಲ್ಲಿ ಕಸುವು ಕೂಡದಿದ್ದಾಗ, ಉಂಡದ್ದು ಮೈಗೆ ಹತ್ತುತ್ತಿಲ್ಲವೆಂದು ಮನೆಯ ಹಿರಿಯರು ಚಿಂತಿಸುವುದುಂಟು. ಇದಕ್ಕೆ ಕಾರಣಗಳು ಹಲವು. ಜಂತುಹುಳು, ಪದೇ ಪದೇ ಬರುವ ಭೇದಿ, ಬೇಳೆಕಾಳು ಮತ್ತು ಸೊಪ್ಪುಗಳ ಕೊರತೆ, ಇವು ನಿಮಗೆ ತಿಳಿದವೇ ಆಗಿವೆ. ಅಷ್ಟಾಗಿ ತಿಳಿಯದ ಇನ್ನೊಂದು ಕಾರಣವು ಮನೆಯ ಮೂಲೆಯಲ್ಲಿರುವ ಕಾಳಿನ ಚೀಲದಲ್ಲಿಯೇ ಅಡಗಿರಬಹುದು. ಅದು ಬೂಷ್ಟು ಹಿಡಿದ ಧಾನ್ಯ.

ಮುಸುಕಿನ ಜೋಳವನ್ನು ಕೆಲವರು ಮೆಕ್ಕೆಜೋಳವೆಂದೂ, ಉತ್ತರದ ಜಿಲ್ಲೆಗಳಲ್ಲಿ ಗೋವಿನ ಜೋಳವೆಂದೂ ಕರೆಯುತ್ತಾರೆ. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ಇದು ಮುಖ್ಯ ಬೆಳೆ. ಮುಂಗಾರಿನಲ್ಲಿ ಬಿತ್ತಿದ ಈ ಬೆಳೆ ಕಟಾವಿಗೆ ಬರುವ ಕಾಲಕ್ಕೇ ಎಷ್ಟೋ ವರ್ಷ ಮಳೆಯೂ ಬರುತ್ತದೆ. ತೆನೆ ನೆನೆಯುತ್ತದೆ, ಕಾಳು ಒಣಗುವುದಿಲ್ಲ, ಕೆಲವೇ ದಿನಗಳಲ್ಲಿ ಹಸಿರು, ಹಳದಿ, ಬಿಳಿ ಇಲ್ಲವೆ ನಸುಗೆಂಪು ಬಣ್ಣದ ಬೂಷ್ಟು ಕಾಣಿಸಿಕೊಳ್ಳುತ್ತದೆ. ಕಷ್ಟಪಟ್ಟು ಬೆಳೆದ ಕಾಳನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ತೊಳೆದು, ಒಣಗಿಸಿ, ಬೀಸಿ, ರೊಟ್ಟಿ ಮಾಡಿದರೆ ಏನಾದೀತು ಎಂದು ಅನ್ನಿಸುವುದು ಸಹಜ. ಏನಾಗುತ್ತದೆ ಎಂಬುದನ್ನು ಗಂಡ ಹೆಂಡಿರಿಬ್ಬರೂ ಅರಿತಿರುವುದು ಅವಶ್ಯ.

ಬೂಷ್ಟು ಎಂದರೇನು?

ಬೂಷ್ಟು ಒಂದು ಬಗೆಯ ಅತಿ ಸೂಕ್ಷ್ಮ ಜೀವಿ. ಇದನ್ನು ಶಿಲೀಂಧ್ರವೆನ್ನುತ್ತಾರೆ. ಇದರ ಬೀಜಕಣಗಳು ಮಣ್ಣಿನಲ್ಲಿಯೂ ಗಾಳಿಯಲ್ಲಿಯೂ ಸದಾ ಇರುತ್ತವೆ. ತೇವ ಮತ್ತು ಬೆಚ್ಚನೆಯ ಹವೆ ದೊರೆತಲ್ಲಿ ಅವು ಮೊಳೆತು ಕಾಳಿನೊಳಗೆ ಬೇರಿನಂತಹ ಎಳೆಗಳನ್ನು ಇಳಿಸಿ, ಕಾಳಿನ ಸಾರವನ್ನು ಹೀರಿ ಬೆಳೆಯುತ್ತವೆ. ಹೀಗೆ ಬೆಳೆಯುವಾಗ ಕೆಲವು ಜಾತಿಯ ಬೂಷ್ಟುಗಳು ವಿಷವನ್ನು ಉತ್ಪಾದಿಸುತ್ತವೆ.

ಇವುಗಳಲ್ಲಿ ಎರಡನ್ನು ಮುಖ್ಯವಾಗಿ ತಿಳಿದಿರಬೇಕು. ಮೊದಲನೆಯದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರುಹಳದಿ ಬಣ್ಣದ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ಅವುಗಳಿಗೆ ತಿನ್ನಿಸಿದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗ ಈ ವಿಷ ಮೊದಲ ಬಾರಿಗೆ ಬೆಳಕಿಗೆ ಬಂದಿತು. ಎರಡನೆಯದು ಫ್ಯುಸೇರಿಯಂ ಜಾತಿಯ ಬಿಳಿ ಅಥವಾ ನಸುಗೆಂಪು ಬೂಷ್ಟಿನಿಂದ ಹುಟ್ಟುವ ಫ್ಯುಮೋನಿಸಿನ್. ಇದನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು 1988ರಲ್ಲಿ ಮುಸುಕಿನ ಜೋಳದ ಬೂಷ್ಟಿನಿಂದ ಬೇರ್ಪಡಿಸಿ ಗುರುತಿಸಿದರು.

ಈ ವಿಷಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ. ಬೂಷ್ಟನ್ನು ಒರೆಸಿ ತೆಗೆದರೂ ಕಾಳಿನೊಳಗೆ ಇಳಿದ ವಿಷ ಅಲ್ಲಿಯೇ ಉಳಿಯುತ್ತದೆ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಅಫ್ಲಾಟಾಕ್ಸಿನ್ ಒಡೆದು ಹೋಗಬೇಕಾದರೆ ಸುಮಾರು 240 ಡಿಗ್ರಿಗಿಂತಲೂ ಹೆಚ್ಚಿನ ಶಾಖ ಬೇಕು. ಹೆಂಚು ಎಷ್ಟೇ ಕಾದಿದ್ದರೂ ರೊಟ್ಟಿಯ ಒಳಭಾಗ ಅಷ್ಟು ಬಿಸಿಯಾಗುವುದಿಲ್ಲ. ಗಂಜಿ, ನುಚ್ಚು, ಮುದ್ದೆಗಳಂತೂ ಕುದಿಯುವ ನೀರಿನ ಶಾಖವನ್ನು ಮೀರುವುದೇ ಇಲ್ಲ. ಆದುದರಿಂದ ಚೆನ್ನಾಗಿ ಬೇಯಿಸಿದ್ದೇವೆ ಎಂಬ ಧೈರ್ಯ ಇಲ್ಲಿ ಸಲ್ಲದು.

ಕಾಳಿನ ಪೋಷಣೆ ಹೇಗೆ ಹಾಳಾಗುತ್ತದೆ?

ಮುಸುಕಿನ ಜೋಳ ಒಳ್ಳೆಯ ಆಹಾರ. ಅದರಲ್ಲಿ ನೂರಕ್ಕೆ 9ರಿಂದ 10 ಪಾಲು ಸಸಾರಜನಕವೂ, ಸುಮಾರು 4 ಪಾಲು ಎಣ್ಣೆಯೂ ಇರುತ್ತವೆ. ಹಳದಿ ಕಾಳಿನಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವವನ್ನು ಒದಗಿಸುವ ಕೆರೋಟಿನ್ ಇದೆ. ಆದರೆ ಇದರ ಸಸಾರಜನಕದಲ್ಲಿ ಲೈಸಿನ್ ಮತ್ತು ಟ್ರಿಪ್ಟೊಫ್ಯಾನ್ ಎಂಬ ಎರಡು ಅಂಶಗಳು ಕಡಿಮೆ. ಹೀಗೆ ಮೊದಲೇ ತುಸು ಕೊರತೆಯುಳ್ಳ ಧಾನ್ಯಕ್ಕೆ ಬೂಷ್ಟು ಎರಡು ಬಗೆಯ ನಷ್ಟವನ್ನು ತರುತ್ತದೆ.

ಮೊದಲನೆಯ ನಷ್ಟ ಕಾಳಿನಲ್ಲಿಯೇ ಆಗುವಂಥದು. ಕಾಳಿನ ತುದಿಯಲ್ಲಿ ಮೊಳಕೆ ಹೊರಡುವ ಭಾಗವಿದೆಯಷ್ಟೆ. ಕಾಳಿನ ಎಣ್ಣೆಯ ಬಹುಪಾಲು ಮತ್ತು ಉತ್ತಮ ಗುಣದ ಸಸಾರಜನಕ ಇರುವುದು ಅಲ್ಲಿ. ಬೂಷ್ಟು ಮೊದಲು ಮುತ್ತುವುದೂ ಅಲ್ಲಿಗೇ. ಎಣ್ಣೆ ಒಡೆದು ಕಮಟು ವಾಸನೆ ಬರುತ್ತದೆ, ಕೆರೋಟಿನ್ ಕುಗ್ಗುತ್ತದೆ, ಕಾಳು ಹಗುರವಾಗುತ್ತದೆ. ಅಳತೆಗೆ ಒಂದು ಸೇರು ಇದ್ದರೂ ಒಳಗಿನ ಸತ್ವ ಒಂದು ಸೇರಿನದಲ್ಲ.

ಎರಡನೆಯ ನಷ್ಟ ನಮ್ಮ ದೇಹದೊಳಗೆ ಆಗುವಂಥದು, ಮತ್ತು ಇದೇ ಹೆಚ್ಚು ಅಪಾಯಕರ. ಉಂಡ ಆಹಾರದ ಸಾರವನ್ನು ದೇಹಕ್ಕೆ ಒಗ್ಗಿಸುವ ದೊಡ್ಡ ಕಾರ್ಖಾನೆ ಪಿತ್ತಜನಕಾಂಗ, ಅಂದರೆ ಲಿವರ್. ರಕ್ತಕ್ಕೆ ಬೇಕಾದ ಸಸಾರಜನಕಗಳನ್ನು ಅದು ತಯಾರಿಸುತ್ತದೆ, ಎ ಜೀವಸತ್ವವನ್ನು ಕೂಡಿಡುತ್ತದೆ. ಅಫ್ಲಾಟಾಕ್ಸಿನ್ ನೇರವಾಗಿ ಈ ಅಂಗವನ್ನೇ ಹಿಡಿಯುತ್ತದೆ. ಅದರ ಜೀವಕೋಶಗಳಲ್ಲಿ ಸಸಾರಜನಕ ತಯಾರಾಗುವ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಕರುಳಿನ ಒಳಪದರಕ್ಕೂ ಈ ವಿಷಗಳಿಂದ ಹಾನಿಯಾಗುತ್ತದೆ. ವಿಷವಿರುವ ಮೇವನ್ನು ತಿಂದ ಕೋಳಿಮರಿಗಳು, ಹಂದಿಮರಿಗಳು ಒಳ್ಳೆಯ ಮೇವು ತಿಂದ ಮರಿಗಳಂತೆ ಬೆಳೆಯದೆ ಸೊರಗುವುದನ್ನು ಪಶುವೈದ್ಯರು ಬಹುಕಾಲದಿಂದ ಕಂಡಿದ್ದಾರೆ.

ಇದರಲ್ಲಿ ಒಂದು ಕೆಟ್ಟ ಸುತ್ತು ಇದೆ. ಸಸಾರಜನಕದ ಕೊರತೆಯುಳ್ಳ ದೇಹವು ವಿಷವನ್ನು ಎದುರಿಸಲಾರದು. ವಿಷ ಹೊಕ್ಕ ದೇಹವು ಸಸಾರಜನಕವನ್ನು ಸರಿಯಾಗಿ ಬಳಸಿಕೊಳ್ಳಲಾರದು. ಒಂದು ಇನ್ನೊಂದನ್ನು ಹೆಚ್ಚಿಸುತ್ತದೆ. ಬಡತನದಲ್ಲಿ ಮೂರು ಹೊತ್ತೂ ಒಂದೇ ಧಾನ್ಯವನ್ನು ಉಣ್ಣುವ ಮನೆಗಳಿಗೆ ಈ ಸುತ್ತು ಬೇಗ ಬಿಗಿಯಾಗುತ್ತದೆ.

ನಮ್ಮ ದೇಶದಲ್ಲಿ ನಡೆದದ್ದು

1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದು ಕಾಯಿಲೆ ಹಬ್ಬಿತು. ಕಾಮಾಲೆ ಬರುತ್ತಿತ್ತು, ಬಳಿಕ ಹೊಟ್ಟೆಯಲ್ಲಿ ನೀರು ತುಂಬಿ ಊದಿಕೊಳ್ಳುತ್ತಿತ್ತು. ರೋಗಿಗಳಲ್ಲಿ ಹೆಚ್ಚಿನವರು ಬಡ ಆದಿವಾಸಿಗಳು. ಅವರ ಮುಖ್ಯ ಆಹಾರ ಮುಸುಕಿನ ಜೋಳ. ಒಂದೇ ಮನೆಯಲ್ಲಿ ಹಲವರು ಮಲಗುತ್ತಿದ್ದರು. ಅದೇ ಮನೆಯ ರೊಟ್ಟಿ ತಿಂದ ನಾಯಿಗಳಿಗೂ ಅದೇ ಕಾಯಿಲೆ ತಗಲಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಹೋಗಿ ಪರೀಕ್ಷಿಸಿದರು. ಕಟಾವಿನ ಕಾಲದಲ್ಲಿ ಅಕಾಲ ಮಳೆ ಬಿದ್ದು ತೆನೆಗಳು ನೆನೆದಿದ್ದುವು, ಸರಿಯಾಗಿ ಒಣಗಿಸದೆ ಕೂಡಿಟ್ಟ ಕಾಳಿಗೆ ಬೂಷ್ಟು ಹಿಡಿದಿತ್ತು. ರೋಗ ತಗಲಿದ ಮನೆಗಳ ಕಾಳಿನಲ್ಲಿ ಕಿಲೋಗ್ರಾಂ ಒಂದಕ್ಕೆ 6.25ರಿಂದ 15.6 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಇದ್ದಿತು. ಇಂದು ನಮ್ಮ ದೇಶದ ಕಾನೂನು ಧಾನ್ಯಗಳಲ್ಲಿ ಅನುಮತಿಸಿರುವುದು ಕಿಲೋಗ್ರಾಂ ಒಂದಕ್ಕೆ 15 ಮೈಕ್ರೋಗ್ರಾಂ ಮಾತ್ರ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 15 ಪಾಲು ಎಂದರ್ಥ. ಆ ಹಳ್ಳಿಗಳ ಕಾಳಿನಲ್ಲಿದ್ದುದು ಇದರ ನಾನೂರರಿಂದ ಸಾವಿರ ಪಟ್ಟು. 397 ಮಂದಿ ರೋಗಿಗಳನ್ನು ಗುರುತಿಸಲಾಯಿತು. ಅವರಲ್ಲಿ 106 ಮಂದಿ ತೀರಿಕೊಂಡರು.

ಅವರು ಬೂಷ್ಟು ಕಾಣದೆ ಉಂಡವರಲ್ಲ. ಮನೆಯಲ್ಲಿ ಬೇರೆ ಕಾಳಿರಲಿಲ್ಲವಾಗಿ ಉಂಡವರು. 2004ರಲ್ಲಿ ಆಫ್ರಿಕದ ಕೀನ್ಯಾ ದೇಶದಲ್ಲಿಯೂ ತೇವದ ಮುಸುಕಿನ ಜೋಳವನ್ನು ಕೂಡಿಟ್ಟು ಉಂಡ 317 ಮಂದಿಗೆ ಇದೇ ಕಾಯಿಲೆ ತಗಲಿ, 125 ಮಂದಿ ಮರಣ ಹೊಂದಿದರು.

ನಮ್ಮ ನಾಡಿಗೂ ಈ ಅನುಭವ ಇಲ್ಲದಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಕರ್ನಾಟಕದ ಹಳ್ಳಿಗಳೂ ಸೇರಿದಂತೆ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮುಸುಕಿನ ಜೋಳದ ರೊಟ್ಟಿ ತಿಂದವರಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು ಎನ್ನುವುದು ಮತ್ತು ಭೇದಿ ಆರಂಭವಾಯಿತು. ಆ ಕಾಳಿನಲ್ಲಿ ಫ್ಯುಮೋನಿಸಿನ್ ವಿಷ ಕಂಡುಬಂದಿತು. ಒಳ್ಳೆಯ ಕಾಳು ಉಂಡ ಮನೆಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಕೆಟ್ಟ ಕಾಳನ್ನು ಬಿಟ್ಟವರು ಗುಣವಾದರು.

ಸ್ವಲ್ಪ ಸ್ವಲ್ಪವಾಗಿ ಒಳಸೇರಿದರೆ

ಹೀಗೆ ಒಮ್ಮೆಲೇ ಎರಗುವ ಕಾಯಿಲೆ ಅಪರೂಪ. ಹೆಚ್ಚಾಗಿ ನಡೆಯುವುದು ಸದ್ದಿಲ್ಲದ ಹಾನಿ. ಅಲ್ಪ ಪ್ರಮಾಣದ ವಿಷ ದಿನವೂ ಒಳಸೇರಿದರೆ ಆ ದಿನ ಏನೂ ತಿಳಿಯುವುದಿಲ್ಲ. ವರ್ಷಗಳು ಕಳೆದ ಮೇಲೆ ಲಿವರಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ. ಹೆಪಟೈಟಿಸ್ ಬಿ ಸೋಂಕು ಇದ್ದವರಲ್ಲಿ ಈ ಸಂಭವ ಹಲವು ಪಟ್ಟು ಹೆಚ್ಚು. ಆದುದರಿಂದ ಮಗು ಹುಟ್ಟಿದ 24 ಗಂಟೆಯೊಳಗೆ ಕೊಡುವ ಹೆಪಟೈಟಿಸ್ ಬಿ ಲಸಿಕೆಯನ್ನೂ, ಆ ನಂತರದ ಲಸಿಕೆಗಳನ್ನೂ ತಪ್ಪಿಸಬೇಡಿರಿ.

ಎಳೆಯ ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಪಶ್ಚಿಮ ಆಫ್ರಿಕದ ಬೆನಿನ್ ಮತ್ತು ಟೋಗೋ ದೇಶಗಳ 16 ಹಳ್ಳಿಗಳ 480 ಮಕ್ಕಳ ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ವಯಸ್ಸಿಗೆ ತಕ್ಕ ಎತ್ತರ ಹಾಗೂ ತೂಕವಿಲ್ಲದ ಮಕ್ಕಳ ರಕ್ತದಲ್ಲಿ ಅಫ್ಲಾಟಾಕ್ಸಿನ್ನಿನ ಗುರುತು ಹೆಚ್ಚಾಗಿತ್ತು. ತಾಯಿಯ ಹಾಲು ಬಿಟ್ಟು ಮುಸುಕಿನ ಜೋಳದ ಗಂಜಿಗೆ ಬದಲಾದ ಮಕ್ಕಳಲ್ಲಿ ಅದು ಮತ್ತಷ್ಟು ಏರಿತ್ತು. ಮಗುವಿನ ಮೊದಲ ಗಂಜಿಗೆ ಮನೆಯಲ್ಲಿರುವ ಅತ್ಯುತ್ತಮ ಕಾಳನ್ನೇ ಆರಿಸಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೂಷ್ಟಿನ ಕಾಳು ತಿಂದ ತಾಯಿಯ ಹಾಲಿನಲ್ಲಿಯೂ ವಿಷದ ಅಲ್ಪಾಂಶ ಸೇರಬಹುದು. ಹಾಗೆಂದು ಎದೆಹಾಲು ಬಿಡಿಸಬಾರದು. ಕೂಸಿಗೆ ಎದೆಹಾಲಿಗಿಂತ ಸುರಕ್ಷಿತವಾದ ಆಹಾರ ಬೇರೊಂದಿಲ್ಲ. ತಾಯಿಗೆ ಒಳ್ಳೆಯ ಕಾಳು ಕೊಡುವುದೇ ಸರಿಯಾದ ಉಪಾಯ.

ಗರ್ಭ ಧರಿಸುವ ಹೆಣ್ಣುಮಕ್ಕಳಿಗೂ ಒಂದು ಮಾತು. ಶಿಶುವಿನ ಬೆನ್ನುಹುರಿ ರೂಪುಗೊಂಡು ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿಗೆ ತಾವು ಬಸುರಿ ಎಂಬುದೇ ತಿಳಿದಿರುವುದಿಲ್ಲ. ಇದಕ್ಕೆ ಫೋಲಿಕ್ ಆಮ್ಲ ಬೇಕು. ಫ್ಯುಮೋನಿಸಿನ್ ಈ ಜೀವಸತ್ವವು ಜೀವಕೋಶಗಳನ್ನು ಸೇರದಂತೆ ತಡೆಯುತ್ತದೆಂದು ಪ್ರಯೋಗಗಳಿಂದ ತಿಳಿದಿದೆ. ಮುಸುಕಿನ ಜೋಳವನ್ನೇ ಹೆಚ್ಚಾಗಿ ಉಣ್ಣುವ ಪ್ರದೇಶಗಳಲ್ಲಿ ಬೆನ್ನುಹುರಿಯ ದೋಷವಿರುವ ಮಕ್ಕಳು ಹುಟ್ಟುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ವಿಜ್ಞಾನಿಗಳು ಶಂಕಿಸಿದ್ದಾರೆ. ಮಗು ಬೇಕೆಂದು ದಂಪತಿಗಳು ನಿರ್ಧರಿಸಿದ ದಿನದಿಂದಲೇ ಒಳ್ಳೆಯ ಕಾಳು, ಹಸಿರುಸೊಪ್ಪು ಮತ್ತು ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆಗಳನ್ನು ಬಳಸುವುದು ಶ್ರೇಯಸ್ಕರ.

ಹೊಲದಿಂದ ಒಲೆಯವರೆಗೆ ವಹಿಸಬೇಕಾದ ಎಚ್ಚರ

ಒಮ್ಮೆ ಹುಟ್ಟಿದ ವಿಷವನ್ನು ತೆಗೆಯುವುದು ಕಷ್ಟ, ಹುಟ್ಟದಂತೆ ತಡೆಯುವುದು ಸುಲಭ. ಬೂಷ್ಟಿಗೆ ಮುಖ್ಯವಾಗಿ ಬೇಕಾದುದು ತೇವ ಮತ್ತು ಕಾಳಿನ ಸಿಪ್ಪೆಯಲ್ಲಿ ಒಂದು ಬಿರುಕು. ಇವೆರಡನ್ನೂ ಕೊಡದಿದ್ದರೆ ಸಾಕು.

ಹೊಲದಲ್ಲಿ: ಕಾಳು ಕಟ್ಟುವಾಗ ನೀರಿನ ಕೊರತೆಯಾದರೆ ಮತ್ತು ಹುಳು ತೆನೆಯನ್ನು ಕೊರೆದರೆ ಬೂಷ್ಟಿಗೆ ದಾರಿಯಾಗುತ್ತದೆ. 2018ರಲ್ಲಿ ದೇಶದಲ್ಲಿ ಮೊದಲು ಶಿವಮೊಗ್ಗದ ಕಡೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ತೆನೆಯನ್ನೂ ಕೊರೆಯುತ್ತದೆ. ಅದನ್ನು ಸಕಾಲದಲ್ಲಿ ಹತೋಟಿಗೆ ತನ್ನಿರಿ. ಬಲಿತ ತೆನೆಯನ್ನು ಹೊಲದಲ್ಲಿ ಬಹುದಿನ ಬಿಡಬೇಡಿರಿ. ಹುಳು ತಿಂದ, ಬೂಷ್ಟು ಕಂಡ ತೆನೆಗಳನ್ನು ಮುರಿಯುವಾಗಲೇ ಬೇರೆ ಹಾಕಿರಿ.

ಕಣದಲ್ಲಿ: ಬರಿಯ ನೆಲದ ಮೇಲೆ ಒಣಗಿಸಿದರೆ ಕಾಳು ಮಣ್ಣಿನ ತೇವವನ್ನೂ ಬೂಷ್ಟಿನ ಕಣಗಳನ್ನೂ ಹೀರುತ್ತದೆ. ತಾಡಪಾಲು ಅಥವಾ ಗಟ್ಟಿನೆಲದ ಮೇಲೆ ತೆಳುವಾಗಿ ಹರಡಿ, ಆಗಾಗ ತಿರುವಿ ಹಾಕಿರಿ. ಸಂಜೆ ರಾಶಿ ಮಾಡಿ ಮುಚ್ಚಿರಿ, ಬೆಳಗ್ಗೆ ಬಿಸಿಲೇರಿದ ಮೇಲೆ ಮತ್ತೆ ಹರಡಿರಿ. ಹಸಿ ಕಾಳಿನ ರಾಶಿಯನ್ನು ಹಗಲಿರುಳು ಪ್ಲಾಸ್ಟಿಕ್ಕಿನಿಂದ ಮುಚ್ಚಿಟ್ಟರೆ ಅದು ಬೆವರಿ ಬೇಗ ಕೆಡುತ್ತದೆ. ತೆನೆಯನ್ನು ದೊಣ್ಣೆಯಿಂದ ಬಡಿಯುವುದರಿಂದಲೂ, ರಸ್ತೆಯ ಮೇಲೆ ಹರಡಿ ವಾಹನಗಳು ಹಾಯುವುದರಿಂದಲೂ ಕಾಳು ಒಡೆಯುತ್ತದೆ. ಕೈಯಿಂದ ಇಲ್ಲವೆ ಬಿಡಿಸುವ ಯಂತ್ರದಿಂದ ಬಿಡಿಸಿರಿ.

ಕಾಳು ಒಣಗಿದೆಯೇ ಎಂದು ತಿಳಿಯಲು: ಕೂಡಿಡುವ ಕಾಳಿನಲ್ಲಿ ತೇವಾಂಶ ನೂರಕ್ಕೆ 12ರಷ್ಟಕ್ಕೆ ಇಳಿದಿರಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆಂದು ಒಡೆಯಬೇಕು. ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಚೆನ್ನಾಗಿ ಒಣಗಿದ ಗಾಜಿನ ಸೀಸೆಗೆ ಹಿಡಿ ಕಾಳು, ಚಮಚ ಒಣಗಿದ ಪುಡಿಉಪ್ಪು ಹಾಕಿ ಮುಚ್ಚಿ ಕುಲುಕಿ ಕೆಲವು ನಿಮಿಷ ಬಿಡಿರಿ. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ಕಾಳು ಇನ್ನೂ ಹಸಿಯಾಗಿದೆ. ಅಂಟದೆ ಉದುರಿದರೂ, ಇನ್ನೊಂದು ದಿನದ ಬಿಸಿಲು ತೋರಿಸುವುದು ಲೇಸು.

ಮನೆಯಲ್ಲಿ: ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿರಿ. ಹಳೆಯ ಚೀಲಗಳನ್ನು ಕೊಡವಿ ಬಿಸಿಲಿಗೆ ಹಾಕಿದ ಮೇಲೆಯೇ ಬಳಸಿರಿ. ಹಳೆಯ ಕಾಳಿನೊಡನೆ ಹೊಸ ಕಾಳು ಬೆರೆಸಬೇಡಿರಿ. ತಗಡಿನ ಕಣಜ ಒಳ್ಳೆಯದು, ಆದರೆ ಪೂರ್ಣ ಒಣಗಿದ ಕಾಳಿಗೆ ಮಾತ್ರ. ಹದಿನೈದು ದಿನಕ್ಕೊಮ್ಮೆ ಕೈಹಾಕಿ ನೋಡಿರಿ. ಒಳಗೆ ಬೆಚ್ಚಗಿದ್ದರೆ ಇಲ್ಲವೆ ಮುಗ್ಗಲು ವಾಸನೆ ಇದ್ದರೆ ಕೂಡಲೇ ಹೊರತೆಗೆಯಿರಿ.

ಅಡುಗೆಗೆ ಮುನ್ನ: ವಿಷದ ಬಹುಪಾಲು ಕೆಲವೇ ಕೆಟ್ಟ ಕಾಳುಗಳಲ್ಲಿ ಸೇರಿಕೊಂಡಿರುತ್ತದೆ. ಆದುದರಿಂದ ಮೊರದಲ್ಲಿ ಹರಡಿ ಬಣ್ಣಗೆಟ್ಟ, ಒಡೆದ, ಸುಕ್ಕಿದ, ಹುಳು ತಿಂದ ಕಾಳುಗಳನ್ನು ಆರಿಸಿ ತೆಗೆಯುವುದು ಬಹಳ ಉಪಯುಕ್ತ. ನೀರಿಗೆ ಹಾಕಿದಾಗ ತೇಲುವ ಕಾಳುಗಳನ್ನು ಚೆಲ್ಲಿರಿ. ಸಿಪ್ಪೆ ಮತ್ತು ಮೊಳಕೆಯ ಭಾಗವನ್ನು ತೆಗೆದ ನುಚ್ಚಿನಲ್ಲಿಯೂ ವಿಷ ಕಡಿಮೆ. ಆದರೆ ರಾಶಿಯೇ ಬೂಷ್ಟು ಹಿಡಿದು ಮುಗ್ಗಿದ್ದರೆ ಆರಿಸಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಅಂತಹ ಕಾಳನ್ನು ಒಳ್ಳೆಯ ಕಾಳಿನೊಡನೆ ಬೆರೆಸಿ ಬೀಸಿದರೆ ಒಳ್ಳೆಯದೂ ಕೆಡುತ್ತದೆ, ಆಮೇಲೆ ಹಿಟ್ಟಿನಲ್ಲಿ ಆರಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಊಟದಲ್ಲಿ: ಮೂರು ಹೊತ್ತೂ ಒಂದೇ ಧಾನ್ಯ ಬೇಡ. ರಾಗಿ, ಅಕ್ಕಿ, ಗೋಧಿಗಳನ್ನು ಬದಲಿಸಿ ಬಳಸಿರಿ. ಜೊತೆಗೆ ತೊಗರಿ, ಹೆಸರು, ಹುರುಳಿ, ಅವರೆ ಇವುಗಳಲ್ಲಿ ಯಾವುದಾದರೊಂದು ಇರಲಿ. ಮುಸುಕಿನ ಜೋಳದಲ್ಲಿ ಕೊರತೆಯಾಗುವ ಲೈಸಿನ್ ಬೇಳೆಕಾಳುಗಳಲ್ಲಿ ಧಾರಾಳವಾಗಿದೆ.

ದನಕರು, ಕೋಳಿಗಳಿಗೆ ಹಾಕಬಹುದೇ?

ಮನುಷ್ಯರಿಗಾಗದ್ದು ದನಕ್ಕಾದೀತು ಎಂದು ಬೂಷ್ಟಿನ ಕಾಳನ್ನು ಕೊಟ್ಟಿಗೆಗೆ ಸಾಗಿಸುವುದುಂಟು. ಇದು ತಪ್ಪು. ಕೋಳಿಗಳಿಗೆ, ಅದರಲ್ಲಿಯೂ ಬಾತುಕೋಳಿಗಳಿಗೆ, ಅಫ್ಲಾಟಾಕ್ಸಿನ್ ಬಹುಬೇಗ ಹಾನಿ ಮಾಡುತ್ತದೆ. ಹಾಲು ಕರೆಯುವ ಹಸು ಎಮ್ಮೆಗಳು ಅದನ್ನು ತಿಂದರೆ ಒಂದು ದಿನದೊಳಗೆ ಅದರ ಅಂಶ ಹಾಲಿಗೆ ಇಳಿಯುತ್ತದೆ. ಹಾಲನ್ನು ಕಾಯಿಸಿದರೆ ಅದು ಹೋಗುವುದಿಲ್ಲ. ಹಿಂಬಾಗಿಲಿನಿಂದ ಹೊರಗೆ ಹಾಕಿದ ವಿಷವು ಮಗುವಿನ ಹಾಲಿನ ಲೋಟದಲ್ಲಿ ಮುಂಬಾಗಿಲಿನಿಂದ ಮರಳಿ ಬಂದಂತಾಯಿತು. ಕೆಟ್ಟ ಮೇವನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿ ಹಾಲು ಮತ್ತೆ ಶುದ್ಧವಾಗುತ್ತದೆ. ಕೆಟ್ಟ ಕಾಳನ್ನು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆದು, ಮನೆಯಿಂದ ದೂರ ಗುಂಡಿ ತೋಡಿ ಹೂಳಿರಿ. ಕೂಲಿಯವರಿಗೆ ಧಾನ್ಯವಾಗಿ ಅಳೆಯುವುದು, ದಾನವಾಗಿ ಕೊಡುವುದು ಬೇಡ. ನಮ್ಮ ಮಕ್ಕಳಿಗೆ ಆಗದ್ದು ಅವರ ಮಕ್ಕಳಿಗೂ ಆಗದು.

ಕಾಯಿಲೆಯ ಸೂಚನೆ ಕಂಡರೆ

ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ವಾಂತಿ, ಹಸಿವಿಲ್ಲದಿರುವುದು, ಕಣ್ಣು ಮತ್ತು ಮೂತ್ರ ಹಳದಿಯಾಗುವುದು, ಹೊಟ್ಟೆ ಅಥವಾ ಕಾಲು ಊದುವುದು ಕಂಡುಬಂದರೆ, ಅದರಲ್ಲಿಯೂ ಸಾಕಿದ ನಾಯಿ ಕೋಳಿಗಳೂ ಮಂಕಾಗಿದ್ದರೆ, ಮನೆಯ ಕಾಳನ್ನು ಶಂಕಿಸಿರಿ. ಅದನ್ನು ಉಣ್ಣುವುದನ್ನು ಆ ಕ್ಷಣವೇ ನಿಲ್ಲಿಸಿರಿ. ಪರೀಕ್ಷೆಗೆಂದು ಒಂದಿಷ್ಟು ಕಾಳನ್ನು ಕಾಗದದ ಪೊಟ್ಟಣದಲ್ಲಿ ತೆಗೆದಿಡಿರಿ. ಕಾಮಾಲೆಗೆ ನಾಟಿ ಔಷಧ ಕುಡಿಯುತ್ತ ಕಾಲ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ನೆರೆಹೊರೆಯ ಮನೆಗಳೂ ಎಚ್ಚರಗೊಳ್ಳುತ್ತವೆ.

ಇಬ್ಬರ ಹೊಣೆ

ಕಟಾವು, ಒಕ್ಕಣೆ, ಮಾರಾಟ ಗಂಡನ ಕೈಯಲ್ಲಿ, ಹಸನು ಮಾಡುವುದು ಬೀಸುವುದು ಹೆಂಡತಿಯ ಕೈಯಲ್ಲಿ ಇರುವುದು ಅನೇಕ ಮನೆಗಳ ಪದ್ಧತಿ. ಬೂಷ್ಟನ್ನು ಮೊದಲು ಕಾಣುವವಳು ಮೊರದ ಮುಂದೆ ಕುಳಿತ ಗೃಹಿಣಿ. ದಂಡ ಮಾಡಿದಳೆಂಬ ಮಾತು ಬಂದೀತೆಂದು ಅಂಜಿ ಆಕೆ ಆ ಕಾಳನ್ನು ಎಸೆಯಲಾರಳು. ಎಷ್ಟೋ ಮನೆಗಳಲ್ಲಿ ಒಳ್ಳೆಯದನ್ನು ಗಂಡನಿಗೂ ಮಕ್ಕಳಿಗೂ ಬಡಿಸಿ ಕೆಟ್ಟದ್ದನ್ನು ತಾನೇ ಉಂಡು ಸುಮ್ಮನಾಗುತ್ತಾಳೆ. ಬಸುರಿ ಬಾಣಂತಿಯಾದಾಗಲೂ ಹಾಗೆಯೇ ನಡೆಯುತ್ತದೆ. ಈ ಅಂಜಿಕೆಯನ್ನು ಹೋಗಲಾಡಿಸಬೇಕಾದವನು ಗಂಡ. ಸುಗ್ಗಿಯ ಕಾಲದಲ್ಲಿಯೇ ಇಬ್ಬರೂ ಕುಳಿತು ಒಂದು ಮಾತಿಗೆ ಬನ್ನಿರಿ: ಮನೆಯೂಟಕ್ಕೆ ಬೇಕಾದ ಕಾಳನ್ನು ಮೊದಲು ಆರಿಸಿ, ಮೊದಲು ಒಣಗಿಸಿ, ಬೇರೆಯಾಗಿ ಇಡುವುದು, ಬೂಷ್ಟು ಕಂಡುದನ್ನು ಯಾರ ತಟ್ಟೆಗೂ ಹಾಕದೆ ಹೂಳುವುದು.

ಹೂಳಿದ ಕಾಳಿನ ಬೆಲೆ ನೂರಿನ್ನೂರು ರೂಪಾಯಿ ಇದ್ದೀತು, ಅದು ಮುಂದಿನ ಬೆಳೆಗೆ ಮರಳಿ ಬರುತ್ತದೆ. ಮಗುವಿನ ಮೊದಲ ಎರಡು ವರ್ಷಗಳ ಬೆಳವಣಿಗೆ ಹಾಗೆ ಮರಳಿ ಬರುವಂಥದಲ್ಲ.